ಪೂಲ್ ಟೇಬಲ್ ಇದ್ದ ಮನೆಯವರಿಗೆ ನಾಲ್ಕು ಮಾತು

ಪೂಲ್ ಟೇಬಲ್ ಹಾಳಾಗುವುದು ಹುಡುಗರು ಜೋರಾಗಿ ಹೊಡೆಯುತ್ತಾರೆ ಅಂತಲ್ಲ, ಧೂಳಿನಿಂದ. ಚೆಂಡು ಹೊಡೆಯುವ ಕೋಲು, ಅಂದರೆ ಕ್ಯೂ, ಅದರ ತುದಿಗೆ ಉಜ್ಜುವ ನೀಲಿ ಚಾಕ್ ಇದೆಯಲ್ಲ, ಅದು ಶಾಲೆಯ ಸೀಮೆಸುಣ್ಣ ಅಲ್ಲವೇ ಅಲ್ಲ. ಅದರಲ್ಲಿರುವುದು ಸಿಲಿಕಾ ಮತ್ತು ಅಲ್ಯೂಮಿನಿಯಂ ಆಕ್ಸೈಡ್, ಸ್ಯಾಂಡ್ ಪೇಪರ್‌ಗೆ ಹಾಕುವಂಥ ಪುಡಿ. ಅದು ಬಟ್ಟೆಯ ಎಳೆಗಳ ನಡುವೆ ಕೂತುಬಿಟ್ಟರೆ, ಚೆಂಡು ಉರುಳಿದಾಗಲೆಲ್ಲ ಬಟ್ಟೆ ಸವೆಯುತ್ತದೆ. ಚಾಕ್ ಉಜ್ಜುವಾಗ ಟೇಬಲ್‌ನಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿ. ಟೇಬಲ್ ಅಂಚಿನ ಕಟ್ಟೆಯ ಮೇಲೆ ಚಾಕ್ ಇಡುವಾಗ ನೀಲಿ ಮುಖ ಮೇಲಿರಲಿ.

ಆಟ ಮುಗಿದ ಮೇಲೆ ಬ್ರಷ್ ಹಾಕದೆ ಕವರ್ ಮುಚ್ಚಬೇಡಿ. ಮೆತ್ತನೆ ಬ್ರಷ್ ಹಿಡಿದು ಒಂದೇ ದಿಕ್ಕಿಗೆ ನೇರವಾಗಿ ಎಳೆಯಿರಿ, ಸುತ್ತುಸುತ್ತಾಗಿ ಉಜ್ಜಬೇಡಿ. ಜಾಸ್ತಿ ಧೂಳು ಸೇರುವುದು ಕುಶನ್ (ಕಟ್ಟೆಯ ಒಳಬದಿಯ ರಬ್ಬರ್ ಅಂಚು) ಅಡಿಯ ಸಂದಿಯಲ್ಲಿ, ಅಲ್ಲಿ ಮರೆಯದೆ ಎಳೆಯಿರಿ. ನಿಮ್ಮದು ಸ್ನೂಕರ್ ಟೇಬಲ್ ಆದರೆ ಬಟ್ಟೆಗೆ ಸಣ್ಣ ನವಿರು ಇರುತ್ತದೆ. ಅದು ಬಾಕ್ ಕಡೆಯಿಂದ, ಅಂದರೆ ಆಟ ಶುರುಮಾಡುವ ತುದಿಯಿಂದ, ಕಪ್ಪು ಚೆಂಡು ಇಡುವ ತುದಿಯ ಕಡೆಗೆ ಮಲಗಿರುತ್ತದೆ. ಬ್ರಷ್, ಇಸ್ತ್ರಿ ಎರಡೂ ಅದೇ ದಿಕ್ಕಿಗೆ, ಇಸ್ತ್ರಿಯಲ್ಲಿ ನೀರಿನ ಹಬೆ ಬೇಡ. ಕಾಫಿ, ಜ್ಯೂಸ್ ಚೆಲ್ಲಿದರೆ ಒಣ ಹತ್ತಿ ಬಟ್ಟೆ ಒತ್ತಿ ಹೀರಿಸಿ. ಉಜ್ಜಿದರೆ ಕಲೆ ಹರಡುತ್ತದೆ.

ಈಗ ಮುಖ್ಯ ವಿಷಯ, ಮಟ್ಟ. ಒಳ್ಳೆಯ ಪೂಲ್ ಟೇಬಲ್‌ನಲ್ಲಿ ಬಟ್ಟೆಯ ಕೆಳಗೆ ಸಾಮಾನ್ಯವಾಗಿ ಮೂರು ಸ್ಲೇಟ್ ಕಲ್ಲುಗಳನ್ನು ಜೋಡಿಸಿ, ಸಂದಿಗೆ ಮೇಣವನ್ನೋ ಪುಟ್ಟಿಯನ್ನೋ ತುಂಬಿರುತ್ತಾರೆ. ಎಂಟು ಅಡಿ ಟೇಬಲ್ 300 ಕಿಲೋಗಿಂತ ಹೆಚ್ಚೇ ತೂಗುತ್ತದೆ. ಹಬ್ಬಕ್ಕೆ ಜಾಗ ಬೇಕು ಅಂತ ನಾಲ್ಕು ಜನ ಸೇರಿ ತಳ್ಳಿದರೆ ಆ ಸಂದಿ ಬಿಡುತ್ತದೆ. ದಯವಿಟ್ಟು ತಳ್ಳಬೇಡಿ. ಬೇರೆ ಕಡೆ ಇಡಲೇಬೇಕು ಅಂದರೆ ಟೇಬಲ್ ಜೋಡಿಸುವ ಫಿಟ್ಟರ್‌ನಿಂದ ಬಿಚ್ಚಿಸಿ ಸಾಗಿಸಿ.

ಮಟ್ಟ ತಪ್ಪಿದೆಯಾ ಅಂತ ನೋಡಲು ಚೆಂಡನ್ನು ತುಂಬಾ ನಿಧಾನ ಉರುಳಿಸಿ. ಉದ್ದಕ್ಕೆ, ಅಡ್ಡಕ್ಕೆ, ಕುಶನ್ ಪಕ್ಕದಲ್ಲಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. ನಿಲ್ಲುವ ಹೊತ್ತಿಗೆ ಅದು ಎತ್ತ ವಾಲುತ್ತದೆ ಅನ್ನುವುದನ್ನೇ ಗಮನಿಸಿ. ಎಲ್ಲೆಡೆಯೂ ಒಂದೇ ಬದಿಗೆ ವಾಲಿದರೆ ಕಾಲಿನ ತೊಂದರೆ. ಒಂದೇ ಜಾಗದಲ್ಲಿ ತಿರುಗಿದರೆ ಕಲ್ಲಿನ ಸಂದಿ. ಆ ಜಾಗದಲ್ಲಿ ಬೆರಳಾಡಿಸಿದರೆ ಸಣ್ಣ ಏಣು ಕೈಗೆ ಸಿಗುತ್ತದೆ. ಇನ್ನೆರಡು ಚೆಂಡು ಉರುಳಿಸಿ ನೋಡಿ, ಕೆಲವೊಮ್ಮೆ ಚೆಂಡೇ ಸರಿ ಇರುವುದಿಲ್ಲ.

ಕಾಲಿನ ತೊಂದರೆ ನೀವೇ ಸರಿಮಾಡಬಹುದು. ಚೌಕಟ್ಟಿನ ಕೆಳಗೆ ಹಲಗೆ ಕೊಟ್ಟು, ಕಾರಿನ ಜಾಕ್‌ನಿಂದ ಕೂದಲೆಳೆಯಷ್ಟೇ ಎತ್ತಿ, ಕಾಲಿನ ಸ್ಕ್ರೂ ತಿರುಗಿಸಿ. ಸ್ಕ್ರೂ ಇಲ್ಲದಿದ್ದರೆ ತೆಳು ಲೋಹದ ತಗಡು ಇಡಿ. ರಟ್ಟು ಮಾತ್ರ ಬೇಡ, ಆ ಭಾರಕ್ಕೆ ದಿನ ಕಳೆದಂತೆ ಕುಸಿಯುತ್ತದೆ. ಕಲ್ಲಿನ ಸಂದಿಯ ಕೆಲಸಕ್ಕೆ ಬಟ್ಟೆ ಬಿಚ್ಚಲೇಬೇಕು, ಅದು ಫಿಟ್ಟರ್‌ಗೆ ಬಿಡಿ. ಬಟ್ಟೆಯೂ ಹಳೆಯದಾಗಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿ, ಒಂದು ಕೂಲಿ ಉಳಿಯುತ್ತದೆ.

ಕುಶನ್‌ಗೆ ಬಡಿದ ಚೆಂಡು ಒಂದು ಜಾಗದಲ್ಲಿ ಮಾತ್ರ ದಡ್ ಅಂತ ಸತ್ತು ಬಂದರೆ, ರಬ್ಬರ್ ಹೋಯಿತು ಅಂತ ತಕ್ಷಣ ದುಡ್ಡು ಸುರಿಯಬೇಡಿ. ಟೇಬಲ್ ಕೆಳಗೆ ಬಗ್ಗಿ ಆ ಕಟ್ಟೆಯ ಬೋಲ್ಟ್ ನೋಡಿ, ಸಡಿಲ ಆಗಿರುತ್ತದೆ. ಜನ ಕಟ್ಟೆ ಮೇಲೆ ಕೂರುವುದರಿಂದ ಆಗುವುದು ಅದೇ. ಬಿಗಿ ಮಾಡಿದ ಮೇಲೂ ಹಾಗೇ ಇದ್ದರೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಆಗ ಹೊಸ ರಬ್ಬರ್ ಹಾಕಿಸಿ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬಟ್ಟೆ ತೇವ ಎಳೆದುಕೊಂಡು ಚೆಂಡು ನಿಧಾನ ಆಗುತ್ತದೆ. ದೊಡ್ಡ ಸ್ನೂಕರ್ ಪಂದ್ಯಗಳಲ್ಲಿ ಇದಕ್ಕೇ ಟೇಬಲ್ ಕೆಳಗೆ ಹೀಟರ್ ಇಡುತ್ತಾರೆ. ಮನೆಯಲ್ಲಿ ಅಷ್ಟೆಲ್ಲ ಬೇಡ. ತೇವ ಅನಿಸಿದ ದಿನ ಕವರ್ ತೆಗೆದು ಫ್ಯಾನ್ ಹಾಕಿಡಿ. ಚೆಂಡುಗಳನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒರೆಸಿ. ಕ್ಯೂಗಳನ್ನು ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ಬಾಗುತ್ತವೆ, ಸ್ಟ್ಯಾಂಡ್‌ನಲ್ಲಿ ನೆಟ್ಟಗೆ ನಿಲ್ಲಿಸಿ.