ಹಳೇ ಡೀಸೆಲ್ ಇಂಜಿನ್‌ಗಳ ಹೊಗೆ ಇಳಿಸುವ ಕೆಲಸ: ನನ್ನ ಅನುಭವ

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದ ನಾನು ಈಗ ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದೇನೆ. ಹಳೇ ರೈಲು ಇಂಜಿನ್‌ಗಳನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಶೆಡ್‌ನಲ್ಲಿ ಕೆಲಸ. ಊರಿಗೆ ಫೋನ್ ಮಾಡಿದರೆ ಸೋದರಮಾವ ಕೇಳುತ್ತಾರೆ, "ಇಲ್ಲಿ ಎಲ್ಲಾ ಕಡೆ ಕರೆಂಟ್ ರೈಲು ಬಂತಲ್ಲೋ, ಅಮೆರಿಕದಲ್ಲಿ ಇನ್ನೂ ಡೀಸೆಲ್ಲಾ?" ಹೌದು. ಇಲ್ಲಿ ಗೂಡ್ಸ್ ರೈಲು ಓಡುವ ಹಳಿಗಳು ಹೆಚ್ಚಾಗಿ ಖಾಸಗಿ ಕಂಪನಿಗಳವು. ಸಾವಿರಾರು ಮೈಲಿ ತಂತಿ ಎಳೆಯುವ ಖರ್ಚು ಅವರ ತಲೆ ಮೇಲೇ ಬೀಳುತ್ತದೆ. ಅದಕ್ಕೇ ಯಾರೂ ಮುಂದೆ ಬರುವುದಿಲ್ಲ. ಹಾಗಾಗಿ ಹೊಗೆ ಕಡಿಮೆ ಮಾಡಬೇಕಾದರೆ ಡೀಸೆಲ್ ಇಂಜಿನ್‌ನಲ್ಲೇ ಮಾಡಬೇಕು.

ಇದಕ್ಕೆ ನಿಯಮ ಇದೆ. ಇಲ್ಲಿನ ಪರಿಸರ ಇಲಾಖೆಯಾದ ಇಪಿಎ 1998ರಲ್ಲಿ ರೈಲು ಇಂಜಿನ್‌ಗಳ ಹೊಗೆಗೆ ಮೊದಲ ಮಿತಿ ಹಾಕಿತು. 2008ರಲ್ಲಿ ಅದನ್ನು ಬಿಗಿ ಮಾಡಿತು. 2015ರಿಂದ ತಯಾರಾಗುವ ಹೊಸ ಇಂಜಿನ್ 'ಟಿಯರ್ 4' ಮಟ್ಟದಲ್ಲಿರಬೇಕು: ಒಂದು ಅಶ್ವಶಕ್ತಿ-ಗಂಟೆಗೆ (ಅಂದರೆ ಒಂದು ಅಶ್ವಶಕ್ತಿ ಒಂದು ಗಂಟೆ ಮಾಡುವ ಕೆಲಸಕ್ಕೆ) ಮಸಿ 0.03 ಗ್ರಾಂ, ನೈಟ್ರೋಜನ್ ಆಕ್ಸೈಡ್ 1.3 ಗ್ರಾಂ ದಾಟಬಾರದು. ಆದರೆ 1973ರಿಂದ 1992ರ ನಡುವೆ ಹುಟ್ಟಿದ ಇಂಜಿನ್ ಅನ್ನು ಮತ್ತೆ ಕಟ್ಟಿದರೆ ಮಸಿ 0.22 ಗ್ರಾಂ, ನೈಟ್ರೋಜನ್ ಆಕ್ಸೈಡ್ 8 ಗ್ರಾಂವರೆಗೆ ಇದ್ದರೂ ಪಾಸು. ಅಂದರೆ ಹೊಸದಕ್ಕಿಂತ ಆರೇಳು ಪಟ್ಟು ಜಾಸ್ತಿ. 1973ಕ್ಕಿಂತ ಹಿಂದಿನದಾದರೆ, ಅದನ್ನು ಮಾಲೀಕರೇ ಮೇಲ್ದರ್ಜೆಗೆ ಏರಿಸದ ಹೊರತು ನಿಯಮವೇ ತಾಕುವುದಿಲ್ಲ.

ಇದರ ಪರಿಣಾಮ ಏನಾಯಿತು? ಟಿಯರ್ 4 ಇಂಜಿನ್ ದುಬಾರಿ, ಒಳಗಿನ ಕೆಲಸವೂ ಜಟಿಲ. ಕಂಪನಿಗಳು ಹಳೆಯದನ್ನೇ ಮತ್ತೆ ಮತ್ತೆ ಕಟ್ಟಿಸಿ ಓಡಿಸುತ್ತಿವೆ. ನನ್ನ ಶೆಡ್ ನಡೆಯುವುದೇ ಇದರಿಂದ. ಆದರೂ ಹೇಳುತ್ತೇನೆ, ಇದು ನಿಯಮದಲ್ಲಿರುವ ದೊಡ್ಡ ತೂತು. ಹೊಸದಕ್ಕೆ ಎಷ್ಟೇ ಬಿಗಿ ಮಾಡಿದರೂ, ಜನ ಉಸಿರಾಡುವುದು ಹಳೆಯದರ ಹೊಗೆಯನ್ನೇ ಅಲ್ವಾ?

ನಮ್ಮಲ್ಲಿಗೆ ಜಾಸ್ತಿ ಬರುವುದು ಇಎಂಡಿ ಕಂಪನಿಯ 645 ಎಂಬ ಇಂಜಿನ್. ಎರಡು ಸ್ಟ್ರೋಕಿನದು. ಎಸ್‌ಡಿ40-2 ಎಂಬ 3000 ಅಶ್ವಶಕ್ತಿಯ ಲೋಕೋದಲ್ಲಿ (ರೈಲು ಎಳೆಯುವ ಇಡೀ ಗಾಡಿ) ಇದರ 16 ಸಿಲಿಂಡರ್ ಮಾದರಿ ಇರುತ್ತದೆ. ಬಂದ ಕೂಡಲೇ ನಾನು ಮಾಡುವ ಕೆಲಸ ಒಂದೇ. ಇಂಜಿನ್ ಪಕ್ಕದ ಏರ್‌ಬಾಕ್ಸ್ (ಸಿಲಿಂಡರ್‌ಗೆ ಹೋಗುವ ಗಾಳಿ ತುಂಬಿಕೊಳ್ಳುವ ಜಾಗ) ಮುಚ್ಚಳಗಳನ್ನು ತೆಗೆದು, ಟಾರ್ಚ್ ಹಿಡಿದು, ಸಿಲಿಂಡರ್ ಒಳಗೋಡೆಯಾದ ಲೈನರ್‌ನ ಗಾಳಿ ಕಿಂಡಿಗಳ ಮೂಲಕ ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ ಸುತ್ತ ಇರುವ ಬಳೆಗಳನ್ನು, ನೋಡುವುದು. ಒಬ್ಬರು ಇಂಜಿನ್ ಅನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾರೆ. ಪಿಸ್ಟನ್ ಕಿಂಡಿ ಮುಂದೆ ಹಾದು ಹೋಗುತ್ತದೆ. ರಿಂಗ್ ಚೆನ್ನಾಗಿದ್ದರೆ ಹೊಳೆಯುತ್ತದೆ. ಮೇಲಿಂದ ಕೆಳಗೆ ಕಪ್ಪು ಗೆರೆ ಇಳಿದಿದ್ದರೆ ಬೆಂಕಿ ಪಕ್ಕದಿಂದ ನುಗ್ಗುತ್ತಿದೆ ಅಂತ ಅರ್ಥ. ಮರದ ಕಡ್ಡಿಯಿಂದ ಒತ್ತಿ ನೋಡುತ್ತೇನೆ. ಪುಟಿದು ವಾಪಸ್ ಬಂದರೆ ಸರಿ. ಸುಮ್ನೆ ಅಲ್ಲಾಡಿದರೆ ತುಂಡಾಗಿದೆ, ಅಲುಗಾಡದಿದ್ದರೆ ಮಸಿಗೆ ಅಂಟಿಕೊಂಡಿದೆ.

ರಿಂಗ್‌ಗೆ ಇಷ್ಟು ಗಮನ ಯಾಕೆ ಅಂದರೆ, ಈ ಇಂಜಿನ್‌ನ ಮಸಿಯಲ್ಲಿ ಸುಟ್ಟ ಆಯಿಲ್‌ನ ಪಾಲು ದೊಡ್ಡದು. ಕಡಿಮೆ ಆಯಿಲ್ ಬಿಡುವ ರಿಂಗ್ ಸೆಟ್, ಡೀಸೆಲ್ ಚಿಮ್ಮಿಸುವ ಹೊಸ ಇಂಜೆಕ್ಟರ್ ಹಾಕಿದರೆ ಮಸಿ ಇಳಿಯುತ್ತದೆ. ನೈಟ್ರೋಜನ್ ಆಕ್ಸೈಡ್ ಇಳಿಸುವುದೇ ಕಷ್ಟ. ಡೀಸೆಲ್ ಚಿಮ್ಮುವ ಹೊತ್ತನ್ನು ಸ್ವಲ್ಪ ತಡ ಮಾಡಿದರೆ ಉರಿಯ ಬಿಸಿ ಇಳಿದು ಅದು ಕಡಿಮೆಯಾಗುತ್ತದೆ. ಆದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಮಸಿಯೂ ಏರಲು ನೋಡುತ್ತದೆ. ಒಳಕ್ಕೆ ಹೋಗುವ ಗಾಳಿಯನ್ನು ಚೆನ್ನಾಗಿ ತಂಪು ಮಾಡಿದರೆ ಸ್ವಲ್ಪ ಸಮಾಧಾನ. ಎಲ್ಲಾ ಆದಮೇಲೆ ಇಂಜಿನ್‌ಗೂ ಲೋಕೋಗೂ ಯಾವ ಮಟ್ಟದ್ದು ಅಂತ ಲೇಬಲ್ ಹಚ್ಚುತ್ತೇವೆ.

ಇಷ್ಟೆಲ್ಲ ಮಾಡಿದರೂ ನನ್ನ ಅನುಭವದಲ್ಲಿ ಯಾರ್ಡ್ ಪಕ್ಕದ ಮನೆಗಳಿಗೆ ಹೆಚ್ಚು ಉಪಕಾರ ಆಗುವುದು ಇನ್ನೊಂದು ಕೆಲಸದಿಂದ. ಅದು, ನಿಂತ ಇಂಜಿನ್ ಅನ್ನು ಆಫ್ ಮಾಡುವುದು. ಇಪಿಎ ಪರೀಕ್ಷೆಯ ಲೆಕ್ಕದಲ್ಲಿ ಶಂಟಿಂಗ್ ಇಂಜಿನ್ (ಯಾರ್ಡ್‌ನಲ್ಲಿ ಬೋಗಿಗಳನ್ನು ಅತ್ತಿತ್ತ ಸರಿಸುವುದು) ತನ್ನ ಹೊತ್ತಿನ ಶೇ 59.8ರಷ್ಟನ್ನು ನಿಂತಲ್ಲೇ ಗುರ್ ಎನ್ನುತ್ತಾ ಕಳೆಯುತ್ತದೆ. ಪೂರ್ತಿ ಶಕ್ತಿ ಕೊಡುವ ಎಂಟನೇ ನಾಚ್‌ನಲ್ಲಿ (ಶಕ್ತಿಯ ಹಂತ) ಓಡುವುದು ಶೇ 0.8 ಮಾತ್ರ. 2008ರ ನಿಯಮದ ಪ್ರಕಾರ ಮತ್ತೆ ಕಟ್ಟಿದ ಇಂಜಿನ್‌ಗೂ ತಾನಾಗಿ ನಿಂತು ತಾನಾಗಿ ಸ್ಟಾರ್ಟ್ ಆಗುವ ವ್ಯವಸ್ಥೆ ಬೇಕು. 30 ನಿಮಿಷಕ್ಕಿಂತ ಜಾಸ್ತಿ ಸುಮ್ನೆ ಓಡಬಾರದು. ನನಗೆ ಇಡೀ ನಿಯಮದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಚಳಿಗಾಲದಲ್ಲಿ ಮಾತ್ರ ಇದು ಕೈಕೊಡುತ್ತದೆ. ಲೋಕೋದ ರೇಡಿಯೇಟರ್ ನೀರಿಗೆ ಕಾರಿನ ಹಾಗೆ ಆಂಟಿಫ್ರೀಜ್ ಹಾಕುವುದಿಲ್ಲ. ತುಕ್ಕು ಹಿಡಿಯದಂತೆ ಔಷಧ ಬೆರೆಸಿದ ನೀರು ಅಷ್ಟೇ. ಹೆಪ್ಪುಗಟ್ಟಿದರೆ ಇಂಜಿನ್ ಒಡೆಯುತ್ತದೆ. ಆದ್ದರಿಂದ ನೀರು ತೀರಾ ತಣ್ಣಗಾದರೆ ತಾನೇ ತೆರೆದುಕೊಂಡು ನೀರನ್ನೆಲ್ಲ ಹೊರಗೆ ಚೆಲ್ಲುವ ಒಂದು ವಾಲ್ವ್ ಇರುತ್ತದೆ. ಹಾಗಾಗಬಾರದೆಂದು ಹಿಂದೆ ರಾತ್ರಿಯಿಡೀ ಇಂಜಿನ್ ಓಡಿಸಿಯೇ ಇಡುತ್ತಿದ್ದರು. ಈಗ ಕಂಟ್ರೋಲರ್ ನೀರಿನ ಬಿಸಿ, ಬ್ಯಾಟರಿ ವೋಲ್ಟೇಜ್, ಬ್ರೇಕಿನ ಗಾಳಿ ಒತ್ತಡ ನೋಡಿ ನಿರ್ಧರಿಸುತ್ತದೆ. ಒಂದು ಕಡಿಮೆಯಾದರೂ ಮತ್ತೆ ಸ್ಟಾರ್ಟ್. ಬ್ಯಾಟರಿ ಹಳೆಯದಾಗಿದ್ದರೆ, ಏರ್ ಪೈಪ್ ಸೋರುತ್ತಿದ್ದರೆ, ಅದು ನಿಲ್ಲುವುದೇ ಇಲ್ಲ. ಕಂಟ್ರೋಲರ್ ಕೆಟ್ಟಿದೆ ಅಂತ ಬಂದ ಎಷ್ಟೋ ಲೋಕೋಗಳಲ್ಲಿ ಕೆಟ್ಟಿದ್ದು ಬ್ಯಾಟರಿ ಅಥವಾ ಪೈಪ್ ಜಾಯಿಂಟ್.

ಹಳೇ ಇಂಜಿನ್‌ಗಳನ್ನೇ ಮುಟ್ಟುವ ಧೈರ್ಯ ತೋರಿಸಿದ್ದು ಕ್ಯಾಲಿಫೋರ್ನಿಯಾ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ವಾಯು ಮಂಡಳಿ ಒಂದು ನಿಯಮ ಒಪ್ಪಿತು. 23 ವರ್ಷ ದಾಟಿದ ಇಂಜಿನ್‌ಗಳಿಗೆ 2030ರಿಂದ ರಾಜ್ಯದಲ್ಲಿ ಪ್ರವೇಶ ಇಲ್ಲ ಎಂಬುದು ಅದರ ಮುಖ್ಯ ಮಾತು. ಅದಕ್ಕೆ ಇಪಿಎ ಒಪ್ಪಿಗೆ ಬೇಕಿತ್ತು. 2025ರ ಜನವರಿಯಲ್ಲಿ ಮಂಡಳಿ ಆ ಅರ್ಜಿಯನ್ನೇ ವಾಪಸ್ ತೆಗೆದುಕೊಂಡಿತು. ನನಗೆ ನಿಜವಾಗಿ ಬೇಜಾರಾಯಿತು.

ಸದ್ಯಕ್ಕೆ ಸಣ್ಣ ರೈಲ್ವೆ ಕಂಪನಿಯವರು ಬಂದು "ದುಡ್ಡು ಕಡಿಮೆ ಇದೆ, ಮೊದಲು ಏನು ಮಾಡಿಸಲಿ?" ಅಂದರೆ ನನ್ನ ಉತ್ತರ ಇಷ್ಟು: ಮೊದಲು ನೀರು ಬಿಸಿಯಿಡುವ ಹೀಟರ್, ಹೊಸ ಬ್ಯಾಟರಿ, ಸೋರುವ ಏರ್ ಪೈಪ್‌ಗಳ ರಿಪೇರಿ. ರಿಂಗ್ ಮತ್ತು ಇಂಜೆಕ್ಟರ್ ಆಮೇಲೆ.