‘ಹೋಮ್ ಬರಿಯಲ್’ ಕವಿತೆಯನ್ನು ಓದುವ ಬಗೆ

ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಯರ ಮಾತುಕತೆಯ ರೂಪದಲ್ಲಿರುವ, ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಅವರ ‘ಹೋಮ್ ಬರಿಯಲ್’ 1914ರಲ್ಲಿ ‘ನಾರ್ತ್ ಆಫ್ ಬಾಸ್ಟನ್’ ಸಂಕಲನದಲ್ಲಿ ಪ್ರಕಟವಾಯಿತು. ಫ್ರಾಸ್ಟ್ ಮತ್ತು ಎಲಿನೋರ್ ದಂಪತಿಯ ಚೊಚ್ಚಲ ಮಗ ಎಲಿಯಟ್ 1900ರಲ್ಲಿ, ನಾಲ್ಕು ವರ್ಷವೂ ತುಂಬದ ವಯಸ್ಸಿನಲ್ಲಿ ತೀರಿಕೊಂಡಿದ್ದನೆಂಬುದು ತಿಳಿದಿರಲಿ. ಆದರೆ ಮೊದಲ ಓದಿನಲ್ಲಿ ಅದನ್ನು ಬದಿಗಿಡಿ, ಏಕೆಂದರೆ ಕವಿತೆಯ ಗಂಡನನ್ನು ಕವಿಯೆಂದೇ ಭಾವಿಸಿದರೆ ಹೆಂಡತಿಯ ಮಾತಿಗೆ ನ್ಯಾಯ ದೊರೆಯುವುದಿಲ್ಲ.

ಕವಿತೆಯನ್ನು ನಾಟಕದಂತೆ ಗಟ್ಟಿಯಾಗಿ, ಸಾಧ್ಯವಾದರೆ ಇಬ್ಬರು ಸೇರಿ ಓದಿ. ಪ್ರಾಸವಿಲ್ಲದ, ನಮ್ಮ ಸರಳರಗಳೆಯನ್ನು ನೆನಪಿಸುವ ಛಂದಸ್ಸಿನಲ್ಲಿ ಒಂದೇ ಸಾಲು ಇಬ್ಬರ ನಡುವೆ ತುಂಡಾಗುವ ಕಡೆಗಳಲ್ಲಿ ನಿಲ್ಲಬೇಕು. ಮನೆಯ ಮೆಟ್ಟಿಲುಗಳ ಮೇಲೆ ಗಂಡ ಹೆಂಡತಿಯರ ಸ್ಥಾನವನ್ನೂ ಗುರುತಿಸಿಕೊಳ್ಳಿ: ಆರಂಭದಲ್ಲಿ ಹೆಂಡತಿ ಆಮಿ ಮೇಲಿದ್ದು ಗಂಡ ಕೆಳಗಿರುತ್ತಾನೆ, ಅವನು ಹತ್ತಿ ಬಂದು ಕಿಟಕಿಯಾಚೆ ಮಗುವಿನ ಸಮಾಧಿಯನ್ನು ಕಂಡಾಗ, ಅವಳು ಅವನ ತೋಳಿನಡಿಯಿಂದ ಜಾರಿ ಕೆಳಗಿಳಿಯುತ್ತಾಳೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಗುಂಡಿ ತೋಡಿದ ಪ್ರಸಂಗದಲ್ಲಿ. ತನ್ನ ಕೈಯಾರೆ ಮಗುವಿಗೆ ಗುಂಡಿ ತೋಡಿ ಬಂದವನು ಬರ್ಚ್ ಮರದ ಬೇಲಿ ಮಂಜು ಮಳೆಗಳಿಗೆ ಕೊಳೆಯುವ ಮಾತನಾಡಿದ್ದು ಆಮಿಗೆ ಕ್ರೌರ್ಯವಾಗಿ ಕೇಳಿಸಿತು. ನನ್ನ ಮಟ್ಟಿಗೆ ಆ ಮಾತೇ ಅವನ ಶೋಕ. ನೇರವಾಗಿ ಅಳಲಾರದವನು ಬೇಲಿಯ ನೆಪದಲ್ಲಿ ನಾಶವನ್ನು ಕುರಿತು ಮಾತನಾಡುತ್ತಾನೆ. ಆದರೂ ಅವನ ಪರ ವಹಿಸುವ ಮೊದಲು, ಮನೆ ಬಿಟ್ಟು ಹೊರಟ ಅವಳನ್ನು ಬಲವಂತವಾಗಿ ಕರೆತರುವೆನೆಂಬ ಅವನ ಕೊನೆಯ ಬೆದರಿಕೆಯನ್ನು ಮತ್ತೊಮ್ಮೆ ಓದಿ.