ಹಬ್ಬಕ್ಕೆ ಮೊದಲು ಸುತ್ತಾಟ, ಹಬ್ಬದಲ್ಲಿ ಒಂದೇ ಊರು: ಶ್ರೀಲಂಕಾದಲ್ಲಿ ನಮ್ಮಿಬ್ಬರ ವರ್ಷಾಂತ್ಯ

ಡಿಸೆಂಬರ್ ಮಧ್ಯಭಾಗದಿಂದ ಜನವರಿ ಮೊದಲ ವಾರದವರೆಗಿನ ರಜೆಯನ್ನು ಶ್ರೀಲಂಕಾದಲ್ಲಿ ಕಳೆಯಬೇಕೆಂದು ನಾನೂ ನನ್ನ ಪತಿಯೂ ನಿರ್ಧರಿಸಿದ ಮೇಲೆ ಮೊದಲು ಮಾಡಿದ ಕೆಲಸ ಮಳೆಯ ಲೆಕ್ಕಾಚಾರ. ಆ ದ್ವೀಪಕ್ಕೆ ಮಳೆ ಎರಡು ದಿಕ್ಕಿನಿಂದ ಬರುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಕೊಲಂಬೊ, ಗಾಲೆ ಕಡೆಯ ಕರಾವಳಿಯನ್ನು ತೋಯಿಸಿದರೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ ಟ್ರಿಂಕೋಮಲಿ, ಬಟ್ಟಿಕಲೋವ ಮೊದಲಾದ ಪೂರ್ವದ ಊರುಗಳಿಗೆ ಮಳೆ ತರುತ್ತದೆ. ಆದ್ದರಿಂದ ವರ್ಷಾಂತ್ಯದಲ್ಲಿ ಸಮುದ್ರ ಶಾಂತವಾಗಿರುವುದು ದಕ್ಷಿಣ ಮತ್ತು ಪಶ್ಚಿಮ ತೀರಗಳಲ್ಲಿ. ಇಷ್ಟನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳುತ್ತದೆ. ಆದರೆ ಮಧ್ಯದ ಬೆಟ್ಟಸಾಲಿನ ಪೂರ್ವದ ಇಳಿಜಾರು, ಅಂದರೆ ಪ್ರವಾಸಿಗರೆಲ್ಲ ಮುಗಿಬೀಳುವ ಊವ ಪ್ರಾಂತ್ಯದ ಊರುಗಳು, ಡಿಸೆಂಬರ್‌ನಲ್ಲಿ ಸಾಕಷ್ಟು ಮಳೆ ಪಡೆಯುತ್ತವೆ ಎಂಬುದನ್ನು ಸಾಮಾನ್ಯವಾಗಿ ಯಾರೂ ಒತ್ತಿ ಹೇಳುವುದಿಲ್ಲ. ನಾವು ಬೆಟ್ಟಕ್ಕೆ ಕಡಿಮೆ ರಾತ್ರಿಗಳನ್ನೂ ಕಡಲಿಗೆ ಹೆಚ್ಚು ರಾತ್ರಿಗಳನ್ನೂ ಮೀಸಲಿಡಲು ಇದೇ ಕಾರಣ.

ಎರಡನೆಯ ಲೆಕ್ಕ ಜನಸಂದಣಿಯದು. ಕ್ರಿಸ್‌ಮಸ್ ಮುನ್ನಾದಿನದಿಂದ ಹೊಸ ವರ್ಷದ ಮರುದಿನದವರೆಗೆ ಯುರೋಪಿನ ಚಳಿಯಿಂದ ತಪ್ಪಿಸಿಕೊಂಡು ಬಂದವರು, ರಜೆ ಸಿಕ್ಕಿದ ಭಾರತೀಯರು, ವಿದೇಶಗಳಿಂದ ಮನೆಗೆ ಮರಳಿದ ಶ್ರೀಲಂಕಾದವರು, ಪ್ರವಾಸ ಹೊರಟ ಸ್ಥಳೀಯ ಕುಟುಂಬಗಳು, ಎಲ್ಲರೂ ಒಂದೇ ರಸ್ತೆಯಲ್ಲಿ, ಒಂದೇ ರೈಲಿನಲ್ಲಿ, ಒಂದೇ ಹೋಟೆಲಿನ ಮುಂದೆ ಇರುತ್ತಾರೆ. ಆ ದಿನಗಳಲ್ಲಿ ಊರಿಂದೂರಿಗೆ ಚಲಿಸುವವರು ಪ್ರತಿ ಕೊಠಡಿಗೂ ಪ್ರತಿ ವಾಹನಕ್ಕೂ ಹೆಚ್ಚಿನ ದರ ತೆರಬೇಕಾಗುತ್ತದೆ. ಆದ್ದರಿಂದ ಸುತ್ತಾಟವನ್ನೆಲ್ಲ ಹಬ್ಬಕ್ಕೆ ಮೊದಲೇ ಮುಗಿಸುವುದು, ಹಬ್ಬದ ದಿನಗಳಲ್ಲಿ ಒಂದೇ ಊರಿನ ಒಂದೇ ಮನೆಯಲ್ಲಿ ಉಳಿಯುವುದು ಎಂದು ನಿಶ್ಚಯಿಸಿದೆವು. ಇಡೀ ಪ್ರವಾಸದಲ್ಲಿ ನಾವು ಕೈಗೊಂಡ ಅತ್ಯಂತ ಉಪಯುಕ್ತ ತೀರ್ಮಾನ ಇದೇ ಎಂದು ನಾನು ಭಾವಿಸುತ್ತೇನೆ. ಉಳಿದವೆಲ್ಲ ಇದರ ಬೆನ್ನಿಗೆ ಬಂದವು.

ಕೆಲಸವನ್ನು ಹಂಚಿಕೊಂಡೆವು. ವಸತಿಯ ಹೊಣೆ ನನ್ನದು, ಪ್ರಯಾಣದ ಹೊಣೆ ಅವರದು. ಒಬ್ಬರ ಭಾಗದಲ್ಲಿ ಮತ್ತೊಬ್ಬರು ಅಭಿಪ್ರಾಯ ಹೇಳಬಹುದು, ಆದರೆ ಕೊನೆಯ ಮಾತು ಹೊಣೆ ಹೊತ್ತವರದೇ. ಬೇಸಗೆಯಂಥ ಬಿಸಿಲಿನಲ್ಲಿ, ಬೆವರುತ್ತ, ಸಾಮಾನು ಹೊತ್ತುಕೊಂಡು ನಿಂತಾಗ ಗಂಡಹೆಂಡಿರ ನಡುವೆ ಏಳುವ ಜಗಳಗಳಲ್ಲಿ ಹೆಚ್ಚಿನವು ಯಾರು ತೀರ್ಮಾನಿಸಬೇಕು ಎಂಬ ಗೊಂದಲದಿಂದ ಹುಟ್ಟುತ್ತವೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಖರ್ಚಿಗೆ ಒಂದೇ ಚೀಲ ಇಟ್ಟೆವು. ಬೆಳಿಗ್ಗೆ ಅದರಲ್ಲಿ ಹಾಕಿದ ಶ್ರೀಲಂಕಾ ರೂಪಾಯಿ ಸಂಜೆಗೆ ಎಷ್ಟು ಉಳಿದಿದೆ ಎಂಬುದೇ ಆ ದಿನದ ಲೆಕ್ಕಪತ್ರ. ವೀಸಾ ಕುರಿತು ಒಂದು ಮಾತು: ಶ್ರೀಲಂಕಾ ತನ್ನ ಪ್ರವಾಸಿ ಅನುಮತಿಯ ನಿಯಮವನ್ನೂ ಶುಲ್ಕವನ್ನೂ ಆಗಾಗ ಬದಲಿಸಿದೆ, ಆದ್ದರಿಂದ ಪರಿಚಿತರ ಮಾತಿನ ಮೇಲೆ ಹೋಗದೆ ಅಲ್ಲಿನ ವಲಸೆ ಇಲಾಖೆಯ ಅಧಿಕೃತ ಜಾಲತಾಣವನ್ನೇ ನೋಡಿ ಅರ್ಜಿ ಹಾಕಿದೆವು.

ಮೊದಲ ನಿಲುಗಡೆ ಕ್ಯಾಂಡಿ. ಬುದ್ಧನದೆಂದು ನಂಬಲಾದ ಹಲ್ಲನ್ನು ಇಟ್ಟಿರುವ ಅಲ್ಲಿನ ದಂತಮಂದಿರಕ್ಕೆ ನಾವು ಸಂಜೆಯ ಪೂಜೆಯ ಹೊತ್ತಿಗೆ ಹೋದೆವು. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಅಲ್ಲಿ ಕಡ್ಡಾಯ, ಪಾದರಕ್ಷೆ ಹೊರಗೇ ಬಿಡಬೇಕು, ಬುದ್ಧನ ಮೂರ್ತಿಗೆ ಬೆನ್ನು ಹಾಕಿ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ಆ ದೇಶದಲ್ಲಿ ಅಗೌರವವೆಂದೇ ಪರಿಗಣಿಸುತ್ತಾರೆ. ಹಗಲಿನಲ್ಲಿ ಬಯಲಿನ ಬೌದ್ಧ ಕ್ಷೇತ್ರಗಳಿಗೆ ಹೋಗುವವರು ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳುವುದು ಒಳ್ಳೆಯದು. ಮಧ್ಯಾಹ್ನದ ಕಲ್ಲುಹಾಸು ಬರಿಗಾಲನ್ನು ಸುಡುತ್ತದೆ. ಸಿಗಿರಿಯದಂತಹ ಸ್ಮಾರಕಗಳಲ್ಲಿ ಸಾರ್ಕ್ ದೇಶಗಳವರಿಗೆ ಪ್ರವೇಶ ಶುಲ್ಕದಲ್ಲಿ ರಿಯಾಯಿತಿ ಇರುವುದರಿಂದ ಪಾಸ್‌ಪೋರ್ಟನ್ನು ಕೊಠಡಿಯಲ್ಲಿ ಬಿಡದೆ ಜೊತೆಯಲ್ಲೇ ಒಯ್ಯುತ್ತಿದ್ದೆವು.

ಕ್ಯಾಂಡಿಯಿಂದ ಮೇಲಕ್ಕೆ ರೈಲು. ಈ ಮಾರ್ಗದ ಮೀಸಲು ಆಸನಗಳ ಮಾರಾಟ ಪ್ರಯಾಣಕ್ಕೆ ಒಂದು ತಿಂಗಳು ಮೊದಲು ಆರಂಭವಾಗುತ್ತದೆ, ಡಿಸೆಂಬರ್‌ನಲ್ಲಿ ಅವು ನೋಡನೋಡುತ್ತಿದ್ದಂತೆ ಮುಗಿದುಹೋಗುತ್ತವೆ. ಅನಂತರ ಅದೇ ಟಿಕೆಟುಗಳನ್ನು ಹಲವು ಪಟ್ಟು ಬೆಲೆಗೆ ಮಾರುವ ಮಧ್ಯವರ್ತಿಗಳು ಕಾಣಿಸಿಕೊಳ್ಳುತ್ತಾರೆ. ನನ್ನ ಪತಿ ಅವರ ತಂಟೆಗೆ ಹೋಗಲಿಲ್ಲ. ಮೀಸಲು ಇಲ್ಲದ ಟಿಕೆಟನ್ನು ಅದೇ ದಿನ ನಿಲ್ದಾಣದ ಕಿಟಕಿಯಲ್ಲಿ ಕೊಂಡು, ಬೆಳಗಿನ ರೈಲಿಗೆ ಬಹಳ ಮುಂಚಿತವಾಗಿ ಹೋಗಿ ನಿಲ್ಲುವುದು ಅವರ ಉಪಾಯವಾಗಿತ್ತು. ಹಳಿಯ ಅಗಲ ನಮ್ಮ ಬ್ರಾಡ್‌ಗೇಜ್‌ನಷ್ಟೇ ಆದರೂ ಬೆಟ್ಟದ ತಿರುವುಗಳಿಂದಾಗಿ ವೇಗ ತೀರ ಕಡಿಮೆ. ಹ್ಯಾಟನ್ ನಿಲ್ದಾಣದಲ್ಲಿ ಒಂದಷ್ಟು ಯಾತ್ರಿಕರು ಇಳಿದರು, ಏಕೆಂದರೆ ಶ್ರೀಪಾದ ಪರ್ವತದ ಯಾತ್ರಾಕಾಲ ಡಿಸೆಂಬರ್‌ನ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ ನಡೆಯುತ್ತದೆ. ‘ನಾನುಓಯ’ ಎಂಬ ನಿಲ್ದಾಣದಲ್ಲಿ ನುವರ ಎಲಿಯಕ್ಕೆ ಹೋಗುವವರೆಲ್ಲ ಇಳಿದ ಮೇಲೆ ನಮಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುಮಾರು 1,890 ಮೀಟರ್ ಎತ್ತರದಲ್ಲಿರುವ ಪಟ್ಟಿಪೋಲ ಆ ದೇಶದ ಅತಿ ಎತ್ತರದ ರೈಲು ನಿಲ್ದಾಣ. ಅದನ್ನು ದಾಟಿ ಸುರಂಗದಿಂದ ಹೊರಬಿದ್ದರೆ ಊವ ಪ್ರಾಂತ್ಯ. ಸುರಂಗದ ಈಚೆಗೊಂದು ಹವೆ, ಆಚೆಗೊಂದು ಹವೆ ಎಂದು ಅಲ್ಲಿನವರು ಹೇಳುವುದು ನಿಜವೇ ಆಯಿತು. ಈಚೆ ಬಿಸಿಲಿತ್ತು, ಆಚೆ ಮಂಜು ಮತ್ತು ತುಂತುರು.

ಹೆಚ್ಚಿನವರು ‘ಎಲ್ಲಾ’ ಎಂಬ ಪುಟ್ಟ ಪಟ್ಟಣದವರೆಗೆ ಹೋಗಿ ತಂಗುತ್ತಾರೆ. ನಾನು ಅದಕ್ಕಿಂತ ಮೊದಲೇ ಸಿಗುವ ಬಂಡಾರವೇಲದಲ್ಲಿ ಕೊಠಡಿ ಹಿಡಿದಿದ್ದೆ. ಅದು ಪ್ರವಾಸಿಗರಿಗಾಗಿ ಹುಟ್ಟಿದ ಊರಲ್ಲ. ಸಂತೆ, ಬಸ್ ನಿಲ್ದಾಣ, ಶಾಲೆ ಎಲ್ಲ ಇರುವ ಸಾಮಾನ್ಯ ಪೇಟೆ, ಆದ್ದರಿಂದ ಡಿಸೆಂಬರ್‌ನಲ್ಲಿಯೂ ಊಟ, ವಸತಿಗೆ ಪರದಾಟವಿಲ್ಲ. ಅಲ್ಲಿಂದ ಬೆಳಗಿನ ಹೊತ್ತು ಹೋಗಿ 1921ರಲ್ಲಿ ಕಟ್ಟಿದ ದೆಮೋದರದ ಒಂಬತ್ತು ಕಮಾನುಗಳ ಸೇತುವೆಯನ್ನೂ, ರೈಲುಹಳಿ ಸುತ್ತುಹಾಕಿ ನಿಲ್ದಾಣದ ಅಡಿಯಿಂದಲೇ ಹಾಯುವ ದೆಮೋದರ ತಿರುವನ್ನೂ ನೋಡಿ ಬಂದೆವು. ಸೇತುವೆಯ ಮೇಲಿನ ಗುಂಪಿನ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಮಧ್ಯಾಹ್ನದ ಮೇಲೆ ಮಳೆ ನಿರೀಕ್ಷೆಯಂತೆಯೇ ಬಂದಿತು. ಭಾರೀ ಮಳೆಯಾದರೆ ಈ ಮಾರ್ಗದಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದೂ ಉಂಟು. ಹಾಗಾಗಿ ಕೆಳಗಿಳಿಯಲು ರೈಲನ್ನು ನಂಬದೆ, ವೆಲ್ಲವಾಯ ಮಾರ್ಗವಾಗಿ ದಕ್ಷಿಣದ ಕರಾವಳಿಗೆ ಇಳಿಯುವ ಕಾರನ್ನು ಮೊದಲೇ ಗೊತ್ತುಮಾಡಿದ್ದೆವು. ಕ್ರಿಸ್‌ಮಸ್‌ಗೆ ಮೊದಲೇ ಗಾಲೆ ಸೇರಿದೆವು.

ಗಾಲೆಯಲ್ಲಿ ವಸತಿಯನ್ನು ಗೊತ್ತುಮಾಡುವಾಗ ನಾನು ಮುಖ್ಯವಾಗಿ ಕೇಳಿದ ಪ್ರಶ್ನೆ ಒಂದು: ಡಿಸೆಂಬರ್ 24 ಮತ್ತು 31ರ ರಾತ್ರಿಯ ಔತಣ ಕಡ್ಡಾಯವೇ? ಸಮುದ್ರತೀರದ ಅನೇಕ ದೊಡ್ಡ ಹೋಟೆಲುಗಳು ಈ ಎರಡು ರಾತ್ರಿಗಳಂದು ವಿಶೇಷ ಭೋಜನವನ್ನು ಕಡ್ಡಾಯಗೊಳಿಸಿ, ಅದರ ಹಣವನ್ನು ತಲೆಗಿಷ್ಟು ಎಂದು ಕೊಠಡಿಯ ಬಾಡಿಗೆಗೆ ಸೇರಿಸುತ್ತವೆ. ನನ್ನಂತಹ ಸಸ್ಯಾಹಾರಿಗೆ ಆ ಸಮುದ್ರಾಹಾರದ ಸಾಲುಮೇಜಿನ ಹಣ ತೆರುವುದರಲ್ಲಿ ಅರ್ಥವಿರಲಿಲ್ಲ. ಆದ್ದರಿಂದ ಕೋಟೆಯೊಳಗೆ ಒಂದು ಕುಟುಂಬ ತನ್ನ ಹಳೆಯ ಮನೆಯ ಮಹಡಿಯಲ್ಲಿ ನಡೆಸುವ ಅತಿಥಿಗೃಹವನ್ನು ಆರಿಸಿದೆ. ಬೆಳಗಿನ ಆಹಾರಕ್ಕೆ ಆಪ್ಪ, ಇಡಿಯಾಪ್ಪ, ಬೇಳೆಯ ಸಾರು, ಸಂಬೋಲ ಎಂಬ ತೆಂಗಿನಕಾಯಿಯ ಚಟ್ನಿ ಇರುತ್ತಿದ್ದವು. ಸಂಬೋಲಕ್ಕೆ ಒಣಗಿಸಿದ ಮಾಲ್ಡೀವ್ಸ್ ಮೀನಿನ ಪುಡಿ ಬೆರೆಸುವುದು ಅಲ್ಲಿ ಸಾಮಾನ್ಯವಾದ್ದರಿಂದ ಸಸ್ಯಾಹಾರಿಗಳು ಮೊದಲ ದಿನವೇ ಮನೆಯವರಿಗೆ ತಿಳಿಸಿಬಿಡಬೇಕು.

ಪೋರ್ಚುಗೀಸರು 16ನೆಯ ಶತಮಾನದಲ್ಲಿ ಆರಂಭಿಸಿದ ಈ ಕೋಟೆಯನ್ನು 17ನೆಯ ಶತಮಾನದಿಂದ ಡಚ್ಚರು ವಿಸ್ತರಿಸಿ ಭದ್ರಗೊಳಿಸಿದರು. 1988ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋಡೆಗಳ ಒಳಗೆ ಇಗರ್ಜಿ, ಮಸೀದಿ, ಬೌದ್ಧ ವಿಹಾರ ಎಲ್ಲವೂ ನಡೆದು ತಲುಪುವಷ್ಟು ಹತ್ತಿರದಲ್ಲಿವೆ. ಬೌದ್ಧರೇ ಬಹುಸಂಖ್ಯಾತರಾದ ಆ ದೇಶದಲ್ಲಿ ಕ್ರೈಸ್ತರು ಶೇಕಡ 7ರಷ್ಟು ಮಾತ್ರ. ಆದರೂ ಕ್ರಿಸ್‌ಮಸ್ ಸಾರ್ವಜನಿಕ ರಜೆ, ಅಂಗಡಿಗಳಲ್ಲೆಲ್ಲ ನಕ್ಷತ್ರದೀಪಗಳಿದ್ದವು. ಪ್ರಾರ್ಥನೆಗೆ ಹೋಗುವ ಇತರ ಧರ್ಮೀಯರನ್ನು ಯಾರೂ ತಡೆಯುವುದಿಲ್ಲ, ಆದರೆ 2019ರ ಈಸ್ಟರ್ ದಿನದ ಬಾಂಬ್ ದಾಳಿಗಳ ನಂತರ ಹಬ್ಬದ ದಿನ ಇಗರ್ಜಿಗಳಲ್ಲಿ ತಪಾಸಣೆ ಬಿಗಿಯಾಗಿರುವುದರಿಂದ ಚೀಲಗಳನ್ನು ಕೊಠಡಿಯಲ್ಲೇ ಬಿಟ್ಟು ಹೋದೆವು.

ಕ್ರಿಸ್‌ಮಸ್‌ನ ಮರುದಿನ ಆ ಕರಾವಳಿಯ ಪಾಲಿಗೆ ಬೇರೆಯೇ ದಿನ. 2004ರ ಡಿಸೆಂಬರ್ 26 ಹುಣ್ಣಿಮೆಯ ರಜೆಯೂ ಆಗಿತ್ತು, ಭಾನುವಾರವೂ ಆಗಿತ್ತು. ಹಬ್ಬದ ರಜೆಯವರಿಂದ ಕಿಕ್ಕಿರಿದು ಕೊಲಂಬೊದಿಂದ ದಕ್ಷಿಣಕ್ಕೆ ಹೊರಟಿದ್ದ ರೈಲನ್ನು ಹಿಕ್ಕಡುವ ಸಮೀಪದ ಪೆರಲಿಯದಲ್ಲಿ ಸುನಾಮಿ ಅಲೆ ಉರುಳಿಸಿತು, ಅದೊಂದರಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಡೀ ದೇಶದಲ್ಲಿ ಸತ್ತವರು 30 ಸಾವಿರಕ್ಕೂ ಅಧಿಕ. ಗಾಲೆಯಲ್ಲಿ ಕೋಟೆಯ ಹೊರಗಿನ ಪೇಟೆ ಕೊಚ್ಚಿಹೋದರೂ ಒಳಗಿನ ಮನೆಗಳನ್ನು ಬಹುಮಟ್ಟಿಗೆ ಡಚ್ಚರ ಗೋಡೆಗಳೇ ಉಳಿಸಿದವು. ಪ್ರತಿ ವರ್ಷ ಆ ದಿನ ಬೆಳಿಗ್ಗೆ 9.25ರಿಂದ 9.27ರವರೆಗೆ ದೇಶಾದ್ಯಂತ ಮೌನ ಆಚರಿಸುತ್ತಾರೆ. ಮನೆಯೊಡತಿ ಹಿಂದಿನ ರಾತ್ರಿಯೇ ಅದನ್ನು ತಿಳಿಸಿದ್ದರಿಂದ ನಾವು ಬೆಳಿಗ್ಗೆ ಕಡಲಿಗೆ ಇಳಿಯುವ ಯೋಚನೆ ಬಿಟ್ಟು ಅವರ ಮನೆಯವರೊಂದಿಗೆ ಬಾಗಿಲ ಬಳಿ ನಿಂತೆವು. ಆ ದಿನಗಳಲ್ಲಿ ದಕ್ಷಿಣ ತೀರಕ್ಕೆ ಹೋಗುವವರು ಈ ವೇಳೆಯನ್ನು ನೆನಪಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಪಕ್ಕದ ಕಡಲತೀರದಲ್ಲಿ ಜೋರಾಗಿ ಸಂಗೀತ ಹಾಕಿಕೊಂಡಿದ್ದ ಕೆಲವರಿಗೆ ಅದು ಗೊತ್ತಿರಲಿಲ್ಲ.

ಉಳಿದ ದಿನಗಳ ಕ್ರಮ ಬಿಸಿಲಿಗೆ ತಕ್ಕಂತೆ ರೂಪುಗೊಂಡಿತು. ಗಾಲೆ ಇರುವುದು ಭೂಮಧ್ಯರೇಖೆಯಿಂದ ಕೇವಲ 6 ಡಿಗ್ರಿ ಉತ್ತರದಲ್ಲಿ, ಆದ್ದರಿಂದ ಡಿಸೆಂಬರ್‌ನಲ್ಲಿಯೂ ಹಗಲು ಹೆಚ್ಚೇನೂ ಕುಗ್ಗುವುದಿಲ್ಲ, ಬಿಸಿಲು ಮೃದುವಾಗುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ನನ್ನ ಪತಿ ಕೋಟೆಯ ಮೇಲೆ ನಡೆಯಲು ಹೋದರೆ ನಾನು ಉನವಟುನದಲ್ಲಿ ಈಜಿ ಬರುತ್ತಿದ್ದೆ. ಹತ್ತು ಗಂಟೆಯ ನಂತರ ಸಂಜೆ ನಾಲ್ಕರವರೆಗೆ ಇಬ್ಬರೂ ನೆರಳು ಬಿಟ್ಟು ಹೊರಬರುತ್ತಿರಲಿಲ್ಲ. ಮಧ್ಯಾಹ್ನ ಜೊತೆಯಲ್ಲೇ ಇರಬೇಕೆಂಬ ಒತ್ತಾಯವನ್ನೂ ಇಟ್ಟುಕೊಳ್ಳಲಿಲ್ಲ, ಇದರಿಂದ ಸಂಜೆಯ ಮಾತಿಗೆ ವಿಷಯ ಸಿಗುತ್ತಿತ್ತು. ಆ ತಿಂಗಳುಗಳಲ್ಲಿ ಡೆಂಗ್ಯೂ ಹೆಚ್ಚುವುದರಿಂದ ಸೊಳ್ಳೆ ನಿವಾರಕ ಹಗಲಿಗೂ ಬೇಕು. ಮಿರಿಸ್ಸದಿಂದ ಹೊರಡುವ ದೋಣಿಗಳಲ್ಲಿ ನೀಲಿ ತಿಮಿಂಗಿಲ ನೋಡಲು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸೂಕ್ತ ಕಾಲ. ಅಲ್ಲಿ ತೀರದ ಸಮೀಪದಲ್ಲೇ ಕಡಲು ಆಳವಾಗುವುದರಿಂದ ಅವು ಹತ್ತಿರ ಬರುತ್ತವೆ. ದೋಣಿ ಓಲಾಡುತ್ತದೆ, ವಾಂತಿಯಾಗದಂತೆ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ನುಂಗಿರಬೇಕು.

ಮದ್ಯ ಸೇವಿಸುವವರು ಪಂಚಾಂಗವನ್ನೂ ನೋಡಿಕೊಳ್ಳಬೇಕು: ಹುಣ್ಣಿಮೆಯ ದಿನ ಅಲ್ಲಿ ಸಾರ್ವಜನಿಕ ರಜೆ, ಮದ್ಯ ಮಾರಾಟಕ್ಕೆ ನಿಷೇಧ.

ಸಿಂಹಳರ, ತಮಿಳರ ಸಾಂಪ್ರದಾಯಿಕ ವರ್ಷಾರಂಭ ಏಪ್ರಿಲ್‌ನಲ್ಲಿ. ಆದರೂ ಡಿಸೆಂಬರ್ 31ರ ನಡುರಾತ್ರಿ ಪಟಾಕಿಗೆ ಕೊರತೆ ಇರಲಿಲ್ಲ, ಜನವರಿ 1ರ ಬೆಳಿಗ್ಗೆ ಮನೆಯವರು ತೆಂಗಿನ ಹಾಲಿನಲ್ಲಿ ಬೇಯಿಸಿ ವಜ್ರಾಕಾರಕ್ಕೆ ಕತ್ತರಿಸಿದ ಕಿರಿಬತ್ ಅನ್ನವನ್ನು ನಮಗೂ ಬಡಿಸಿದರು. ಹೊಸ ವರ್ಷದ ದಿನವೇ ಹೊರಟವರು ಕೊಲಂಬೊ ದಿಕ್ಕಿನ ದಟ್ಟಣೆಯಲ್ಲಿ ಸಿಕ್ಕಿಕೊಂಡರೆಂದು ಆಮೇಲೆ ಕೇಳಿದೆವು. ನಾವು ಗುಂಪು ಕರಗುವವರೆಗೆ ಕಾದು, ವಾರದ ನಡುವಿನ ಒಂದು ಬೆಳಿಗ್ಗೆ ಕರಾವಳಿಯ ರೈಲು ಹತ್ತಿದೆವು. ಗಾಲೆಯಿಂದ ಕೊಲಂಬೊ ಫೋರ್ಟ್‌ಗೆ ಹೋಗುವಾಗ ಸಮುದ್ರ ಎಡಗಡೆಗೆ ಬರುತ್ತದೆ. ಹಬ್ಬದ ಗದ್ದಲ ಮುಗಿದಿದ್ದರಿಂದ ಆ ಬದಿಯಲ್ಲಿ ಇಬ್ಬರಿಗೂ ಜಾಗ ಸುಲಭವಾಗಿ ಸಿಕ್ಕಿತು, ಮೀಸಲು ಟಿಕೆಟಿನ ಅಗತ್ಯವೇ ಬೀಳಲಿಲ್ಲ.